ತಾಯಿಯ ತೋಳೂ ವಿಮಾನದ ವೇಗವೂ

ಭದ್ರಾವತಿಯಿಂದ ಶಿವಮೊಗ್ಗೆಗೆ ಹೋಗುವ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದವರಿಗೆ ನ್ಯೂಟನ್ನನ ಮೊದಲನೆಯ ನಿಯಮವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ರಸ್ತೆಗೆ ಅಡ್ಡಲಾಗಿ ಎಮ್ಮೆಯೊಂದು ಬಂದು, ಚಾಲಕನು ತಟ್ಟನೆ ಬ್ರೇಕನ್ನು ಒತ್ತಿದನೆಂದರೆ ನಿಂತವರೆಲ್ಲರೂ ಒಬ್ಬರ ಮೇಲೊಬ್ಬರು ಮುಂದಕ್ಕೆ ವಾಲುತ್ತಾರೆ. ಕುಳಿತವರು ಎದುರಿನ ಕಂಬಿಯನ್ನು ಹಿಡಿದುಕೊಳ್ಳುತ್ತಾರೆ. ಮಗುವನ್ನು ತೊಡೆಯ ಮೇಲಿಟ್ಟುಕೊಂಡ ತಾಯಿ ಅದನ್ನು ಎದೆಗೆ ಅವಚಿಕೊಳ್ಳುತ್ತಾಳೆ. ಬಸ್ಸು ನಿಂತಿತು, ಆದರೆ ಬಸ್ಸಿನೊಳಗೆ ಇದ್ದವರು ಒಡನೆ ನಿಲ್ಲಲಿಲ್ಲ. ಚಲಿಸುತ್ತಿರುವ ವಸ್ತುವು, ಅದನ್ನು ತಡೆಯುವ ಬಲವೊಂದು ಹೊರಗಿನಿಂದ ಒದಗುವ ತನಕ, ಅದೇ ವೇಗದಿಂದ ಅದೇ ದಿಕ್ಕಿನಲ್ಲಿ ಚಲಿಸುತ್ತಲೇ ಇರುತ್ತದೆ ಎಂದು ನ್ಯೂಟನ್ನನು 1687ರಲ್ಲಿ ಬರೆದಿಟ್ಟ ಮಾತಿನ ಅರ್ಥ ಇದೇ. ನಿಂತವರನ್ನು ತಡೆಯುವ ಬಲ ಅವರ ಕಾಲುಗಳಿಂದ ಬಂತು, ಕುಳಿತವರಿಗೆ ಕಂಬಿಯಿಂದ ಬಂತು. ಮಗುವಿಗೆ? ಅದು ತಾಯಿಯ ತೋಳುಗಳಿಂದ ಬಂತು.

ಈ ತೋಳುಗಳು ಎಷ್ಟು ಬಲವನ್ನು ಒದಗಿಸಬಲ್ಲವು? ಬಸ್ಸಿಗೆ ಸಾಕಾದ ತೋಳು ವಿಮಾನಕ್ಕೂ ಸಾಕೆ? ಸಾಲದಿದ್ದರೆ, ಕಾರಿನಲ್ಲಿ ಮಗುವನ್ನು ಕೂರಿಸಲು ಬಳಸುವ ಚಿಕ್ಕ ಪೀಠವನ್ನು ವಿಮಾನಕ್ಕೂ ಒಯ್ಯಬಹುದೆ? ಈ ಪ್ರಶ್ನೆಗಳನ್ನು ನಾವು ಈ ಲೇಖನದಲ್ಲಿ ಪರಿಶೀಲಿಸೋಣ. ಪ್ರಶ್ನೆಯು ಚಿಕ್ಕದಾಗಿ ಕಂಡರೂ ಇದರಲ್ಲಿ ಯಂತ್ರಶಾಸ್ತ್ರ, ಶರೀರಶಾಸ್ತ್ರ, ಸಂಖ್ಯಾಶಾಸ್ತ್ರ ಮೂರೂ ಕಲೆತಿವೆ.

ಸೋಗಾನೆಯ ಓಟಪಥ

ಶಿವಮೊಗ್ಗೆಯ ಹೊರವಲಯದ ಸೋಗಾನೆಯಲ್ಲಿ ಕಟ್ಟಿದ ವಿಮಾನ ನಿಲ್ದಾಣವು 2023ನೆಯ ಇಸವಿ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಮಲೆನಾಡಿನವರೇ ಆದ ರಾಷ್ಟ್ರಕವಿ ಕುವೆಂಪು ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಹೊರಟ ಮೊದಲನೆಯ ಪ್ರಯಾಣಿಕರ ವಿಮಾನವು ಇಲ್ಲಿ ಇಳಿಯಿತು. ಹೀಗೆ ಬಂದಿಳಿದದ್ದು ಏ.ಟಿ.ಆರ್. 72 ಎಂಬ ಜಾತಿಯ ವಿಮಾನ. ರೆಕ್ಕೆಗಳಿಗೆ ಒಂದೊಂದರಂತೆ ಎರಡು ತಿರುಗುರೆಕ್ಕೆಗಳುಳ್ಳದ್ದು. ನಡುವೆ ಓಣಿ, ಓಣಿಯ ಎರಡು ಪಕ್ಕಕ್ಕೂ ಎರಡೆರಡು ಪೀಠಗಳು. ಒಟ್ಟು 78 ಮಂದಿಗೆ ಸ್ಥಳ. ಉದ್ದವೂ ರೆಕ್ಕೆಯ ಹರವೂ ಸುಮಾರು 27 ಮೀಟರು. ದೂರದೇಶಗಳಿಗೆ ಹಾರುವ ದೊಡ್ಡ ವಿಮಾನಗಳ ಮುಂದೆ ಇದು ಗರುಡನ ಮುಂದೆ ಗುಬ್ಬಿಯಂತೆ ಕಂಡೀತು. ಮೈಸೂರು, ಹುಬ್ಬಳ್ಳಿ, ಬೆಳಗಾವಿಗಳಂಥ ಊರುಗಳಿಗೂ ಆಕಾಶಮಾರ್ಗವನ್ನು ತೆರೆದದ್ದರಲ್ಲಿ ಈ ಜಾತಿಯ ಚಿಕ್ಕ ವಿಮಾನಗಳ ಪಾಲು ದೊಡ್ಡದು.

ಸೋಗಾನೆಯ ಓಟಪಥದ ಉದ್ದ 3,200 ಮೀಟರು. ಪೂರ್ಣ ಭಾರ ಹೊತ್ತ ಏ.ಟಿ.ಆರ್. ವಿಮಾನವು ಮೇಲೇರುವುದಕ್ಕೆ ಸುಮಾರು 1,400 ಮೀಟರು ಸಾಕು. ಆದ್ದರಿಂದ ಇಲ್ಲಿ ಆ ವಿಮಾನಕ್ಕೆ ಜಾಗದ ಕೊರತೆಯೆಂಬುದಿಲ್ಲ. ಆದರೂ ಲೆಕ್ಕವನ್ನು ಮಾಡಿನೋಡುವುದು ಒಳ್ಳೆಯದು. ಏಕೆಂದರೆ ಸುರಕ್ಷತೆಯ ಶಾಸ್ತ್ರವು ಪ್ರತಿದಿನ ನಡೆಯುವುದನ್ನು ಕುರಿತದ್ದಲ್ಲ, ಎಂದೋ ಒಮ್ಮೆ ನಡೆಯಬಹುದಾದುದನ್ನು ಕುರಿತದ್ದು.

ಆ ವಿಮಾನದಲ್ಲಿ ಒಂದು ಸಂಸಾರವು ಪ್ರಯಾಣ ಮಾಡುತ್ತಿದೆಯೆಂದು ಕಲ್ಪಿಸಿಕೊಳ್ಳೋಣ. ತಂದೆ, ತಾಯಿ, ಒಂದು ವರ್ಷದ ಕೂಸು. ಕೂಸಿನ ತೂಕ 10 ಕಿಲೋಗ್ರಾಂ ಇರಲಿ. ಎರಡು ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಪೀಠವು ಕಡ್ಡಾಯವಲ್ಲ. ಅದು ತಾಯಿಯ ತೊಡೆಯ ಮೇಲೆ ಕುಳಿತು ಪ್ರಯಾಣ ಮಾಡಬಹುದು. ಭಾರತದಲ್ಲಿಯೂ ಜಗತ್ತಿನ ಬಹುಪಾಲು ದೇಶಗಳಲ್ಲಿಯೂ ರೂಢಿ ಇದೇ. ವಿಮಾನವು ಹೊರಡುವ ಮೊದಲು ಪರಿಚಾರಿಕೆಯು ಬಂದು ಎಲ್ಲರ ಸೊಂಟಪಟ್ಟಿಯನ್ನು ಪರೀಕ್ಷಿಸುತ್ತಾಳೆ. ತೊಡೆಯ ಮೇಲಿದ್ದ ಕೈಚೀಲವನ್ನು ಎದುರಿನ ಪೀಠದ ಕೆಳಕ್ಕೆ ತಳ್ಳಿಸುತ್ತಾಳೆ. ಏಕೆಂದರೆ ವಿಮಾನವು ತಟ್ಟನೆ ನಿಂತರೆ ಅದು ಹಾರಿಹೋಗಬಹುದು. ಆದರೆ ಅದೇ ತೊಡೆಯ ಮೇಲಿದ್ದ ಕೂಸು ಅಲ್ಲಿಯೇ ಉಳಿಯುತ್ತದೆ. ಚೀಲಕ್ಕೆ ಅನ್ವಯಿಸುವ ನಿಯಮವು ಕೂಸಿಗೆ ಅನ್ವಯಿಸುವುದಿಲ್ಲವೆ? ನ್ಯೂಟನ್ನನು ಅಂಥ ವಿನಾಯಿತಿಯನ್ನು ಯಾರಿಗೂ ಕೊಟ್ಟಿಲ್ಲ.

ಹತ್ತು ಕಿಲೋ ನೂರು ಕಿಲೋ ಆಗುವ ಬಗೆ

ವೇಗವು ಬದಲಾಗುವ ದರಕ್ಕೆ ವೇಗೋತ್ಕರ್ಷವೆಂದು ಹೆಸರು. ವೇಗವು ಕಡಿಮೆಯಾಗುತ್ತಿದ್ದರೆ ಅದು ಋಣ ವೇಗೋತ್ಕರ್ಷ. ಕೈಬಿಟ್ಟ ಕಲ್ಲು ಭೂಮಿಗೆ ಬೀಳುವಾಗಿನ ವೇಗೋತ್ಕರ್ಷವು ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರು, ಇದನ್ನು 'ಜಿ' ಎಂಬ ಅಕ್ಷರದಿಂದ ಸೂಚಿಸುವ ವಾಡಿಕೆ. ಈ ಅಳತೆಯಿಂದ ಒಂದು ಅನುಕೂಲವಿದೆ. ವೇಗೋತ್ಕರ್ಷವು ಎಷ್ಟು ಜಿ ಇದೆಯೋ, ವಸ್ತುವನ್ನು ತಡೆಹಿಡಿಯಲು ಅದರ ತೂಕದ ಅಷ್ಟು ಪಾಲು ಬಲ ಬೇಕಾಗುತ್ತದೆ.

ಮೊದಲು ಬಸ್ಸಿನ ಲೆಕ್ಕ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದ ಬಸ್ಸು 10 ಮೀಟರಿನಲ್ಲಿ ನಿಂತಿತೆನ್ನೋಣ. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ವೇಗೋತ್ಕರ್ಷವು ದೊರೆಯುತ್ತದೆಂದು ಪ್ರೌಢಶಾಲೆಯ ವಿದ್ಯಾರ್ಥಿಗಳು ಬಲ್ಲರು. ಇಲ್ಲಿ ಅದು ಸುಮಾರು 0.6 ಜಿ. ಎಂದರೆ 10 ಕಿಲೋ ತೂಕದ ಕೂಸು ಮುಂದಕ್ಕೆ 6 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತದೆ. ತುಂಬಿದ ಕೊಡವನ್ನು ಎತ್ತುವ ತೋಳಿಗೆ ಇದೇನೂ ಹೆಚ್ಚಲ್ಲ.

ಇನ್ನು ವಿಮಾನ. ಏ.ಟಿ.ಆರ್. ವಿಮಾನವು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್. ಅದು ಓಟಪಥದ ಮೇಲೆ 1,000 ಮೀಟರು ಓಡಿ ನಿಂತರೆ ಋಣ ವೇಗೋತ್ಕರ್ಷವು 0.16 ಜಿ ಮಾತ್ರ. ಕೂಸನ್ನು ತಡೆಯಲು ಒಂದೂವರೆ ಕಿಲೋಗಿಂತ ತುಸು ಹೆಚ್ಚಿನ ಬಲ ಸಾಕು. ಬಸ್ಸಿಗಿಂತಲೂ ಇದು ಹಗುರ! ಪ್ರತಿದಿನ ಸಾವಿರಾರು ತಾಯಂದಿರು ನಿಶ್ಚಿಂತೆಯಿಂದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಹಾರಿ ಇಳಿಯುವುದಕ್ಕೆ ಕಾರಣ ಇದೇ. ರೂಢಿಯು ಮೂಢತನದಿಂದ ಹುಟ್ಟಿದ್ದಲ್ಲ; ಸಾಮಾನ್ಯ ದಿನಗಳ ಅನುಭವದಿಂದ ಹುಟ್ಟಿದ್ದು.

ಈಗ ಅಸಾಮಾನ್ಯ ದಿನವೊಂದನ್ನು ನೋಡೋಣ. ಇಳಿದ ವಿಮಾನವು ಓಟಪಥವನ್ನು ದಾಟಿ ಹೋಗಿ, ವೇಗವೆಲ್ಲ ಇಳಿದು ಗಂಟೆಗೆ ಕೇವಲ 60 ಕಿಲೋಮೀಟರ್ ಉಳಿದಿರುವಾಗ ಮಣ್ಣಿನ ದಿಬ್ಬಕ್ಕೆ ಬಡಿಯಿತೆನ್ನೋಣ. ಮೂತಿಯು ನಜ್ಜುಗುಜ್ಜಾಗಿ ಒಂದೂವರೆ ಮೀಟರಿನಲ್ಲಿ ನಿಂತಿತು. ಈಗಿನ ಋಣ ವೇಗೋತ್ಕರ್ಷವು 9.4 ಜಿ. ಹತ್ತು ಕಿಲೋ ಕೂಸನ್ನು ತಡೆಯಲು 94 ಕಿಲೋ ತೂಕದಷ್ಟು ಬಲ ಬೇಕು. ಶಿವಮೊಗ್ಗೆಯ ಅಡಿಕೆ ಮಂಡಿಯನ್ನು ಕಂಡವರಿಗೆ ಒಂದು ಕ್ವಿಂಟಲ್ ಅಡಿಕೆಯೆಂದರೆ ಎಷ್ಟೆಂಬುದು ಗೊತ್ತು. ಆ ಭಾರವು ತೊಡೆಯ ಮೇಲಿಂದ ಮುಂದಕ್ಕೆ ಚಿಮ್ಮುವಾಗ ಬರಿಯ ಕೈಗಳಿಂದ ಹಿಡಿದುಕೊಳ್ಳಬಲ್ಲ ಜಟ್ಟಿ ಯಾವನು?

ಇಷ್ಟೇ ಅಲ್ಲ. ಈ ಲೆಕ್ಕದಲ್ಲಿ ವಿಮಾನವು ನಿಲ್ಲುವುದಕ್ಕೆ ಹಿಡಿಯುವ ಕಾಲ 0.18 ಸೆಕೆಂಡು. ಕಣ್ಣು ಕಂಡದ್ದನ್ನು ಮಿದುಳು ಅರಿತು ಸ್ನಾಯುಗಳಿಗೆ ಆಜ್ಞೆ ಹೋಗಿ ಕೈ ಚಲಿಸುವುದಕ್ಕೆ ಸಾಮಾನ್ಯವಾಗಿ ಸುಮಾರು 0.2 ಸೆಕೆಂಡು ಬೇಕು. ತಾಯಿಯ ತೋಳುಗಳು ಬಿಗಿಯುವ ವೇಳೆಗೆ ಎಲ್ಲವೂ ಮುಗಿದಿರುತ್ತದೆ. ತಾಯಿಯ ಪ್ರೀತಿಗೆ ಎಲ್ಲೆಯಿಲ್ಲದಿರಬಹುದು. ಅವಳ ನರಗಳಿಗೆ ಎಲ್ಲೆಯುಂಟು.

ಕೂಸನ್ನು ತಾಯಿಯ ಪಟ್ಟಿಯೊಳಗೇ ಸೇರಿಸಿ ಬಿಗಿದರೆ ಹೇಗೆಂದು ಯಾರಾದರೂ ಕೇಳಬಹುದು. ಇದು ಎಲ್ಲಕ್ಕಿಂತ ಕೆಟ್ಟ ಉಪಾಯ. ತಾಯಿಯ ತೂಕ 55 ಕಿಲೋ ಇದ್ದರೆ, ಮೇಲಿನ ಆಘಾತದಲ್ಲಿ ಅದು 500 ಕಿಲೋಗೂ ಮೀರುತ್ತದೆ. ಕೂಸು ಪಟ್ಟಿಗೂ ತಾಯಿಗೂ ನಡುವೆ ಮೆತ್ತೆಯಾಗುತ್ತದೆ. ಹಲವು ವಿಮಾನ ಸಂಸ್ಥೆಗಳು ತಾಯಿಯ ಪಟ್ಟಿಗೆ ಪೋಣಿಸುವ ಬೇರೊಂದು ಚಿಕ್ಕ ಪಟ್ಟಿಯನ್ನು ಕೂಸಿಗಾಗಿ ಕೊಡುತ್ತವೆ. ಗಾಳಿಯ ಹೊಯ್ದಾಟದಲ್ಲಿ ಕೂಸು ಮೇಲಕ್ಕೆ ಚಿಮ್ಮದಂತೆ ಇದು ತಡೆಯುತ್ತದೆಂಬುದು ನಿಜ. ಆದರೆ ಆಘಾತವಾದಾಗ ತಾಯಿಯ ಮೇಲ್ದೇಹವು ಮಡಿಚಿ ಕೂಸಿನ ಮೇಲೆಯೇ ಬೀಳುತ್ತದೆ. ಚಿಕ್ಕ ಪಟ್ಟಿಯ ಬಲವೆಲ್ಲವೂ ಕೂಸಿನ ಹೊಟ್ಟೆಯ ಮೇಲೆ ಬೀಳುತ್ತದೆ. ಈ ಕಾರಣದಿಂದ ಅಮೆರಿಕದಲ್ಲಿ ವಿಮಾನವು ಏರುವಾಗ, ಇಳಿಯುವಾಗ ಇಂಥ ಪಟ್ಟಿಯ ಬಳಕೆಗೆ ಒಪ್ಪಿಗೆಯಿಲ್ಲ.

ಎಳೆಯ ದೇಹದ ರಚನೆ

ಮನುಷ್ಯದೇಹವು ಎಷ್ಟು ಜಿ ತಾಳಬಲ್ಲದು? ಇದನ್ನು ತಿಳಿಯಲು ಅಮೆರಿಕದ ವಾಯುಸೇನೆಯ ವೈದ್ಯ ಜಾನ್ ಸ್ಟ್ಯಾಪ್ ತನ್ನ ದೇಹವನ್ನೇ ಪರೀಕ್ಷೆಗೆ ಒಡ್ಡಿದನು. 1954ರ ಡಿಸೆಂಬರ್ 10ರಂದು ಅವನು ರಾಕೆಟ್ಟುಗಳಿಂದ ಹಳಿಯ ಮೇಲೆ ಓಡುವ ಬಂಡಿಯೊಂದರಲ್ಲಿ ಕುಳಿತು ಗಂಟೆಗೆ 1,017 ಕಿಲೋಮೀಟರ್ ವೇಗವನ್ನು ಮುಟ್ಟಿದನು, ಬಂಡಿಯು 1.4 ಸೆಕೆಂಡಿನಲ್ಲಿ ನಿಂತಿತು. ಒಂದು ಗಳಿಗೆ ಅವನ ದೇಹದ ಮೇಲೆ 46 ಜಿ ಬಿದ್ದಿತು. ಕಣ್ಣುಗಳಲ್ಲಿ ರಕ್ತ ಕಟ್ಟಿ ಸ್ವಲ್ಪ ಕಾಲ ದೃಷ್ಟಿ ಹೋದರೂ ಅವನು ಚೇತರಿಸಿಕೊಂಡು, 89 ವರ್ಷ ಬಾಳಿ, 1999ರಲ್ಲಿ ತೀರಿಕೊಂಡನು. ಈ ಸಾಹಸದಿಂದ ಸಿದ್ಧವಾದ ಸಂಗತಿ ಇದು: ದೇಹವನ್ನು ಅಗಲವಾದ ಪಟ್ಟಿಗಳಿಂದ ಪೀಠಕ್ಕೆ ಬಿಗಿದು, ಬಲವನ್ನು ಗಟ್ಟಿಯಾದ ಎಲುಬುಗಳ ಮೇಲೆ ಹರಡಿದರೆ ಮನುಷ್ಯನು ನಂಬಲಾರದಷ್ಟು ಆಘಾತವನ್ನು ತಾಳಬಲ್ಲನು. ಕೊಲ್ಲುವುದು ವೇಗವಲ್ಲ; ಬಲವು ಒಂದೇ ಕಡೆ ಬೀಳುವುದು ಕೊಲ್ಲುತ್ತದೆ.

ಆದರೆ ಕೂಸು ಎಂದರೆ ಚಿಕ್ಕ ಅಳತೆಯ ದೊಡ್ಡ ಮನುಷ್ಯನಲ್ಲ. ಬೆಳೆದವರಲ್ಲಿ ತಲೆಯು ದೇಹದ ಉದ್ದದ ಎಂಟನೆಯ ಒಂದು ಭಾಗ. ಹುಟ್ಟಿದ ಕೂಸಿನಲ್ಲಿ ಅದು ನಾಲ್ಕನೆಯ ಒಂದು ಭಾಗ. ಆ ದೊಡ್ಡ ತಲೆಯನ್ನು ಹೊತ್ತ ಕತ್ತಿನ ಮಣಿಗಳು ಇನ್ನೂ ಪೂರ್ಣವಾಗಿ ಎಲುಬಾಗಿರುವುದಿಲ್ಲ. ಅವುಗಳ ಭಾಗಗಳನ್ನು ಮೃದ್ವಸ್ಥಿಯು ಕೂಡಿಸಿರುತ್ತದೆ. ಸೊಂಟದ ಎಲುಬುಗಳು ಚಿಕ್ಕವಾದ್ದರಿಂದ ದೊಡ್ಡವರ ಸೊಂಟಪಟ್ಟಿಯು ಅಲ್ಲಿ ನಿಲ್ಲದೆ ಹೊಟ್ಟೆಯ ಮೇಲಕ್ಕೆ ಜಾರುತ್ತದೆ. ಮುಂದಕ್ಕೆ ಮುಖಮಾಡಿ ಕುಳಿತ ಕೂಸಿನ ದೇಹವನ್ನು ಪಟ್ಟಿ ಹಿಡಿದರೂ ತಲೆಯು ಮುಂದಕ್ಕೆ ಚಿಮ್ಮಿ, ಎಳೆಯ ಕತ್ತು ಅದರ ಸೆಳೆತವನ್ನೆಲ್ಲ ತಾಳಬೇಕಾಗುತ್ತದೆ.

ಇದಕ್ಕೆ ಪರಿಹಾರವು ಒಂದು ವಿಚಿತ್ರವಾದ ದಿಕ್ಕಿನಿಂದ ಬಂತು. ಅಮೆರಿಕದ ಗಗನಯಾತ್ರಿಗಳು ಜೆಮಿನಿ ನೌಕೆಯಲ್ಲಿ, ಬಲವು ಬೆನ್ನಿನ ಮೇಲೆಲ್ಲ ಹರಡುವಂತೆ ಒರಗಿ ಕುಳಿತುಕೊಳ್ಳುತ್ತಿದ್ದರು. ಇದನ್ನು ಗಮನಿಸಿದ ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್ ಮಗುವನ್ನು ಕಾರಿನ ಹಿಂಬದಿಗೆ ಮುಖಮಾಡಿ ಕೂರಿಸುವ ಪೀಠವನ್ನು ರೂಪಿಸಿದನು. 1964ರಲ್ಲಿ ಅದನ್ನು ವೋಲ್ವೋ ಕಾರಿನಲ್ಲಿ ಪರೀಕ್ಷಿಸಲಾಯಿತು. ಕಾರು ತಟ್ಟನೆ ನಿಂತರೆ ಮಗುವಿನ ಬೆನ್ನು, ಕತ್ತು, ತಲೆ ಮೂರೂ ಒಟ್ಟಿಗೆ ಪೀಠದ ಒರಗಿಗೆ ಒತ್ತಿಕೊಳ್ಳುತ್ತವೆ. ಕತ್ತಿಗೆ ಪ್ರತ್ಯೇಕವಾದ ಸೆಳೆತವಿಲ್ಲ. ಗಗನಯಾತ್ರಿಯ ಪೀಠವು ಹೀಗೆ ತೊಟ್ಟಿಲ ಮಗುವಿನ ಪೀಠವಾಯಿತು. ಇಂದು ಕಾರುಗಳಲ್ಲಿ ಕಾಣುವ 'ಚೈಲ್ಡ್ ಸೀಟ್' ಇದರ ಸಂತತಿಯೇ. ನಾವು ಇದನ್ನು ಶಿಶುಪೀಠವೆಂದು ಕರೆಯೋಣ.

ಗಾಳಿಯ ಹೊಯ್ದಾಟ

ಅಪಘಾತವೊಂದೇ ಶಿಶುಪೀಠಕ್ಕೆ ಕಾರಣವಲ್ಲ. ಮಳೆಗಾಲದಲ್ಲಿ ಪಡುವಣ ಗಾಳಿಯು ಸಹ್ಯಾದ್ರಿಯನ್ನು ಹತ್ತಿ ಇಳಿಯುವಾಗ, ಬೇಸಗೆಯ ಸಂಜೆ ಗುಡುಗಿನ ಮೋಡಗಳು ಕಟ್ಟುವಾಗ ಗಾಳಿಯಲ್ಲಿ ಏರಿಳಿತಗಳು ಏಳುತ್ತವೆ. ವಿಮಾನವು ಕಲ್ಲು ಬೀಳುವುದಕ್ಕಿಂತಲೂ ಹೆಚ್ಚಿನ ವೇಗೋತ್ಕರ್ಷದಿಂದ ಕೆಳಕ್ಕೆ ಜಗ್ಗಲ್ಪಟ್ಟರೆ ಒಳಗಿರುವ, ಕಟ್ಟಿಲ್ಲದ ವಸ್ತುಗಳು ಹಿಂದುಳಿಯುತ್ತವೆ. ಎಂದರೆ ಛಾವಣಿಗೆ ಬಡಿಯುತ್ತವೆ. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೋಗುತ್ತಿದ್ದ ದೊಡ್ಡ ವಿಮಾನವೊಂದರಲ್ಲಿ ಲಂಬ ದಿಕ್ಕಿನ ವೇಗೋತ್ಕರ್ಷವು 0.6 ಸೆಕೆಂಡಿನಲ್ಲಿ ಧನ 1.35 ಜಿ ಇಂದ ಋಣ 1.5 ಜಿಗೆ ತಿರುಗಿತೆಂದು ತನಿಖೆಯಿಂದ ತಿಳಿದುಬಂತು. ಹಲವರು ಗಾಯಗೊಂಡರು, ಒಬ್ಬ ಪ್ರಯಾಣಿಕನು ತೀರಿಕೊಂಡನು. ಋಣ 1.5 ಜಿ ಎಂದರೆ ನಮ್ಮ ಹತ್ತು ಕಿಲೋ ಕೂಸು 15 ಕಿಲೋ ಬಲದಿಂದ ಮೇಲಕ್ಕೆ ಎಳೆಯುತ್ತದೆ. ಎಚ್ಚರದಲ್ಲಿರುವ ತಾಯಿ ಅದನ್ನು ಹಿಡಿದಾಳು, ತೂಕಡಿಸುತ್ತಿರುವ ತಾಯಿ?

ಕಾರಿನ ಪೀಠವು ವಿಮಾನಕ್ಕೆ ಹೊಂದುವುದೆ?

ಹೊಂದುವುದು; ಆದರೆ ಎಲ್ಲ ಪೀಠಗಳೂ ಅಲ್ಲ. ಕಾರಿಗೂ ವಿಮಾನಕ್ಕೂ ಮುಖ್ಯವಾಗಿ ಎರಡು ವ್ಯತ್ಯಾಸಗಳಿವೆ. ಮೊದಲನೆಯದು, ಪಟ್ಟಿ. ಕಾರಿನಲ್ಲಿ ಸೊಂಟವನ್ನೂ ಹೆಗಲನ್ನೂ ಹಿಡಿಯುವ ಮೂರು ನೆಲೆಯ ಪಟ್ಟಿಯಿದೆ. ಇದನ್ನು 1959ರಲ್ಲಿ ವೋಲ್ವೋ ಸಂಸ್ಥೆಯ ನಿಲ್ಸ್ ಬೋಲಿನ್ ಬಳಕೆಗೆ ತಂದನು. ವಿಮಾನದ ಪ್ರಯಾಣಿಕರಿಗೆ ಇರುವುದು ಸಾಮಾನ್ಯವಾಗಿ ಸೊಂಟಪಟ್ಟಿ ಮಾತ್ರ. ಹೊಸ ಕಾರುಗಳಲ್ಲಿ ಶಿಶುಪೀಠವನ್ನು ಸಿಕ್ಕಿಸಲು ಇರುವ 'ಐಸೋಫಿಕ್ಸ್' ಕೊಂಡಿಗಳೂ ವಿಮಾನದಲ್ಲಿ ಇಲ್ಲ. ಆದ್ದರಿಂದ ಬರಿಯ ಸೊಂಟಪಟ್ಟಿಯಿಂದ ಬಿಗಿಯಬಲ್ಲ ಶಿಶುಪೀಠವಷ್ಟೇ ವಿಮಾನಕ್ಕೆ ತಕ್ಕದ್ದು. ಹೆಗಲಪಟ್ಟಿಯನ್ನೇ ನಂಬಿದ ಎತ್ತರಿಸುವ ಮಣೆಗಳು, ಅಂದರೆ 'ಬೂಸ್ಟರು'ಗಳು, ಇಲ್ಲಿ ನಿರುಪಯೋಗಿ. ಎರಡನೆಯದು, ಒರಗು. ವಿಮಾನದ ಪೀಠದ ಒರಗು ಮುಂದಕ್ಕೆ ಮಡಿಚಿಕೊಳ್ಳಬಲ್ಲದು. ಹಿಂದಿನವರು ಬಂದು ಬಡಿದರೆ ಅದು ಶಿಶುಪೀಠವನ್ನು ಮುಂದಕ್ಕೆ ದೂಡುತ್ತದೆ.

ಈ ವ್ಯತ್ಯಾಸಗಳ ಪರಿಣಾಮವನ್ನು ಅಮೆರಿಕದ ವಿಮಾನಯಾನ ಆಡಳಿತದ ವೈದ್ಯಸಂಸ್ಥೆಯು ಬೊಂಬೆಗಳನ್ನು ಕೂರಿಸಿ ಪರೀಕ್ಷಿಸಿ 1994ರಲ್ಲಿ ವರದಿಯನ್ನು ಪ್ರಕಟಿಸಿತು. ಹಿಂಬದಿಗೆ ಮುಖಮಾಡಿದ ಶಿಶುಪೀಠಗಳು ಚೆನ್ನಾಗಿ ಕೆಲಸ ಮಾಡಿದವು. ಮುಂಬದಿಗೆ ಮುಖಮಾಡಿದವುಗಳಲ್ಲಿ ಕೆಲವು ಸೊಂಟಪಟ್ಟಿಯ ಕೋನವು ಹೊಂದದೆ ಹೆಚ್ಚು ಮುಂದಕ್ಕೆ ಜಾರಿ, ಬೊಂಬೆಯ ತಲೆಯು ಎದುರಿನ ಪೀಠಕ್ಕೆ ತಾಕುವಷ್ಟಾಯಿತು. ಎತ್ತರಿಸುವ ಮಣೆಗಳೂ ತಾಯಿಯ ಪಟ್ಟಿಗೆ ಪೋಣಿಸುವ ಪಟ್ಟಿಗಳೂ ಪರೀಕ್ಷೆಯಲ್ಲಿ ಸೋತವು. ಶಿಶುಪೀಠವೆಂಬ ಹೆಸರೊಂದೇ ರಕ್ಷಣೆಯಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಅಮೆರಿಕದಲ್ಲಿ, ಮೋಟಾರು ವಾಹನಗಳಲ್ಲಿಯೂ ವಿಮಾನಗಳಲ್ಲಿಯೂ ಬಳಸಲು ಪ್ರಮಾಣಿತವೆಂಬ ಬರಹವನ್ನು ತಕ್ಕ ಶಿಶುಪೀಠಗಳ ಮೇಲೆ ಕೆಂಪು ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಅಗಲವು ಸುಮಾರು 40 ಸೆಂಟಿಮೀಟರ್ ಮೀರದಿದ್ದರೆ ಬಹುಪಾಲು ವಿಮಾನಗಳ ಪೀಠದಲ್ಲಿ ಅದು ಕುಳಿತುಕೊಳ್ಳುತ್ತದೆ. ಅದನ್ನು ಕಿಟಕಿಯ ಪಕ್ಕದ ಪೀಠದಲ್ಲಿಯೇ ಇಡತಕ್ಕದ್ದು. ಓಣಿಯ ಪಕ್ಕದಲ್ಲಿಟ್ಟರೆ ಅವಸರದಲ್ಲಿ ಹೊರಬರುವವರಿಗೆ ಅಡ್ಡಿಯಾಗುತ್ತದೆ. ತುರ್ತು ಬಾಗಿಲಿನ ಸಾಲಿನಲ್ಲಿಯೂ ಇಡಕೂಡದು. ಏ.ಟಿ.ಆರ್. ವಿಮಾನದಲ್ಲಿ ಸಾಲು ಸಾಲಿಗೂ ನಡುವೆ ಸುಮಾರು ಮುಕ್ಕಾಲು ಮೀಟರು ಮಾತ್ರ ಅಂತರವಿರುವುದರಿಂದ, ಹಿಂಬದಿಗೆ ಮುಖಮಾಡಿದ ಪೀಠವನ್ನು ಇಟ್ಟರೆ ಎದುರಿನವರು ಒರಗಿಕೊಳ್ಳುವುದು ಕಷ್ಟವಾದೀತು. ಹತ್ತರಿಂದ ಇಪ್ಪತ್ತು ಕಿಲೋ ತೂಕದ ಮಕ್ಕಳಿಗೆ, ಪೀಠದ ಒರಗಿಗೆ ಸುತ್ತಿ ಬಿಗಿಯುವ ಹೆಗಲಪಟ್ಟಿಗಳ ಜೋಡಿಯೊಂದಕ್ಕೆ ಅಮೆರಿಕದಲ್ಲಿ 2006ರಲ್ಲಿ ಒಪ್ಪಿಗೆ ದೊರೆತಿದೆ. ಅದು ಕೈಚೀಲದಲ್ಲಿ ಹಿಡಿಯುವಷ್ಟು ಚಿಕ್ಕದು.

ಇನ್ನೂ ಚಿಕ್ಕ ವಿಮಾನಗಳು

ಏ.ಟಿ.ಆರ್. ಗಿಂತಲೂ ಬಹಳ ಚಿಕ್ಕವಾದ ವಿಮಾನಗಳೂ ಇವೆ. ಬೆಂಗಳೂರಿನ ಜಕ್ಕೂರಿನಲ್ಲಿ ವೈಮಾನಿಕ ಶಿಕ್ಷಣಕ್ಕೆ ಬಳಸುವ ಸೆಸ್ನಾ 172 ಜಾತಿಯಲ್ಲಿ ಇರುವುದು ನಾಲ್ಕೇ ಪೀಠ. ವಿದೇಶಗಳಲ್ಲಿ ಇಂಥ ವಿಮಾನಗಳನ್ನು ಸಂಸಾರಸಮೇತ ಪ್ರಯಾಣಕ್ಕೆ ಬಳಸುವವರುಂಟು. ಇಲ್ಲಿ ಮೂತಿಯು ಚಿಕ್ಕದು. ನಜ್ಜುಗುಜ್ಜಾಗಲು ಇರುವ ದೂರವೂ ಕಡಿಮೆ. ದೂರವು ಕಡಿಮೆಯಾದರೆ ಜಿ ಹೆಚ್ಚುತ್ತದೆಂಬುದು ಮೇಲಿನ ಸೂತ್ರದಿಂದಲೇ ಸ್ಪಷ್ಟ. ಆದ್ದರಿಂದ ಅಮೆರಿಕದ ನಿಯಮಗಳು ದೊಡ್ಡ ವಿಮಾನದ ಪೀಠವನ್ನು 16 ಜಿ ಆಘಾತದಲ್ಲಿ ಪರೀಕ್ಷಿಸಿದರೆ, ಚಿಕ್ಕ ವಿಮಾನದ ಮುಂದಿನ ಪೀಠಗಳನ್ನು 26 ಜಿ, ಹಿಂದಿನವನ್ನು 21 ಜಿ ಆಘಾತದಲ್ಲಿ ಪರೀಕ್ಷಿಸಬೇಕೆಂದು 1988ರಲ್ಲಿ ವಿಧಿಸಿದವು. ಇಂಥ ವಿಮಾನದಲ್ಲಿ ಶಿಶುಪೀಠದ ಸ್ಥಳ ಹಿಂದಿನ ಸಾಲು. ಮುಂದಿನ ಪೀಠದೆದುರು ಚಾಲಕನದರಂಥದೇ ಇನ್ನೊಂದು ಹಿಡಿ ಇರುತ್ತದೆ, ಮಗುವಿನ ಕಾಲು ಅದಕ್ಕೆ ತಾಕಬಾರದು. ಶಿಶುಪೀಠದ ತೂಕವನ್ನೂ ವಿಮಾನದ ಭಾರದ ಲೆಕ್ಕಕ್ಕೆ ಸೇರಿಸಬೇಕು. ದೊಡ್ಡ ವಿಮಾನದಲ್ಲಿ ಏಳೆಂಟು ಕಿಲೋ ಗಣನೆಗೆ ಬಾರದು. ನಾಲ್ಕು ಪೀಠದ ವಿಮಾನದಲ್ಲಿ ಹಾಗಲ್ಲ.

ಎರಡು ಅಪಘಾತಗಳ ಪಾಠ

ವಿಮಾನ ಬಿದ್ದರೆ ಯಾರೂ ಉಳಿಯುವುದಿಲ್ಲ, ಪೀಠದಿಂದ ಆಗುವುದೇನು ಎಂದು ಕೆಲವರು ಹೇಳುತ್ತಾರೆ. ಕೆಲವು ಅಪಘಾತಗಳಲ್ಲಿ ಈ ಮಾತು ದುರದೃಷ್ಟವಶಾತ್ ನಿಜ, ಎಲ್ಲದರಲ್ಲಿಯೂ ಅಲ್ಲ. 2020ರ ಆಗಸ್ಟ್ 7ರಂದು, ಕೇರಳದ ಕೋಳಿಕ್ಕೋಡಿನಲ್ಲಿ ಮಳೆಯ ನಡುವೆ ಇಳಿದ ವಿಮಾನವು ಗುಡ್ಡದ ಮೇಲಿನ ಓಟಪಥವನ್ನು ದಾಟಿ ಇಳಿಜಾರಿಗೆ ಬಿದ್ದು ಮುರಿಯಿತು. ಅದರಲ್ಲಿ ಹತ್ತು ಮಂದಿ ಕೂಸುಗಳೂ ಸೇರಿ 190 ಜನರಿದ್ದರು. 21 ಮಂದಿ ತೀರಿಕೊಂಡರು. 169 ಮಂದಿ ಬದುಕಿದರು. ಬದುಕಲು ಅವಕಾಶವಿರುವ ಅಪಘಾತದಲ್ಲಿಯೇ ಪಟ್ಟಿಗೂ ಪೀಠಕ್ಕೂ ಅರ್ಥ.

ಇನ್ನೊಂದು ಘಟನೆ ಅಮೆರಿಕದ್ದು. 1989ರ ಜುಲೈ 19ರಂದು ನಿಯಂತ್ರಣವನ್ನು ಕಳೆದುಕೊಂಡ ವಿಮಾನವೊಂದು ಸೂ ಸಿಟಿ ಎಂಬಲ್ಲಿ ನೆಲಕ್ಕೆ ಬಡಿಯಿತು. 296 ಮಂದಿಯಲ್ಲಿ 112 ಮಂದಿ ಸತ್ತರು, 184 ಮಂದಿ ಉಳಿದರು. ಅದರಲ್ಲಿ ಪೀಠವಿಲ್ಲದ ನಾಲ್ಕು ಎಳೆಯ ಮಕ್ಕಳಿದ್ದರು. ಮುಖ್ಯ ಪರಿಚಾರಿಕೆ ಜ್ಯಾನ್ ಬ್ರೌನ್ ಅಂದಿನ ನಿಯಮದಂತೆ, ಮಕ್ಕಳನ್ನು ನೆಲದ ಮೇಲಿಟ್ಟು ಹಿಡಿದುಕೊಳ್ಳುವಂತೆ ತಾಯಂದಿರಿಗೆ ತಿಳಿಸಿದಳು. ಆಘಾತದಲ್ಲಿ ಮಕ್ಕಳು ಕೈತಪ್ಪಿದರು. ಒಂದು ಕೂಸನ್ನು ಪ್ರಯಾಣಿಕನೊಬ್ಬನು ಅಳುವಿನ ಸದ್ದನ್ನು ಹಿಡಿದು ಹೋಗಿ, ಸಾಮಾನಿಡುವ ಗೂಡಿನೊಳಗಿಂದ ಎತ್ತಿ ತಂದನು. ಇನ್ನೊಂದು ಮಗು ಬದುಕಲಿಲ್ಲ. ಹೊರಗೆ ಬಂದ ಜ್ಯಾನ್ ಬ್ರೌನ್, ಮಗುವನ್ನು ಹುಡುಕಲು ಮತ್ತೆ ಒಳಕ್ಕೆ ಹೋಗಹೊರಟ ತಾಯಿಯನ್ನು ತಡೆಯಬೇಕಾಯಿತು. ಪ್ರತಿ ಕೂಸಿಗೂ ಪೀಠವಿರಬೇಕೆಂದು ಅವಳು ಮುಂದೆ ವರ್ಷಗಟ್ಟಲೆ ಹೋರಾಡಿದಳು. ಅಪಘಾತಗಳನ್ನು ತನಿಖೆ ಮಾಡುವ ಅಮೆರಿಕದ ಮಂಡಲಿಯೂ 1990ರಲ್ಲಿ ಇದೇ ಶಿಫಾರಸನ್ನು ಮಾಡಿತು.

ಸಂಖ್ಯೆಗಳ ಒಗಟು

ಇಷ್ಟಾದರೂ ಅಮೆರಿಕದ ವಿಮಾನಯಾನ ಆಡಳಿತವು 2005ರಲ್ಲಿ ಶಿಶುಪೀಠವನ್ನು ಕಡ್ಡಾಯ ಮಾಡುವುದಿಲ್ಲವೆಂದು ತೀರ್ಮಾನಿಸಿತು. ಇದೇನು ನಿರ್ದಯವೆಂದು ತೋರಬಹುದು. ಆದರೆ ಅದರ ವಾದವನ್ನು ಕೇಳಿ. ಕೂಸಿಗೂ ಟಿಕೇಟು ಕೊಳ್ಳಬೇಕಾದರೆ ಕೆಲವು ಸಂಸಾರಗಳು ವಿಮಾನವನ್ನು ಬಿಟ್ಟು ಕಾರಿನಲ್ಲಿ ಹೊರಡುತ್ತವೆ. ರಸ್ತೆಯು ಆಕಾಶಕ್ಕಿಂತ ಎಷ್ಟೋ ಪಾಲು ಅಪಾಯಕರ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಡ್ಡಾಯ ಮಾಡಿದರೆ ಅಮೆರಿಕದ ವಿಮಾನಗಳಲ್ಲಿ ವರ್ಷಕ್ಕೆ ಸರಾಸರಿ 0.4 ಮಗುವಿನ ಸಾವು ತಪ್ಪೀತೆಂದು ಲೆಕ್ಕ ಹಾಕಿತು. ನೂರಕ್ಕೆ ಐದರಿಂದ ಹತ್ತು ಸಂಸಾರಗಳು ರಸ್ತೆಗೆ ಇಳಿದರೂ ಆ ಲಾಭವೆಲ್ಲ ಅಲ್ಲಿ ನಷ್ಟವಾಗುತ್ತದೆಂದೂ ತೋರಿಸಿತು. ಒಂದು ಕಡೆ ಮಗುವನ್ನು ಉಳಿಸುವ ನಿಯಮವು ಇನ್ನೊಂದು ಕಡೆ ಮಗುವನ್ನು ಕಳೆಯಬಹುದು! ಕಾನೂನನ್ನು ಮಾಡುವವರು ಒಂದು ವಿಮಾನವನ್ನಲ್ಲ, ಇಡೀ ದಾರಿಯನ್ನು ನೋಡಬೇಕಾಗುತ್ತದೆ.

ಈ ಒಗಟು ನಮ್ಮನ್ನು ಸೋಗಾನೆಗೆ ಹಿಂದಿರುಗಿಸುತ್ತದೆ. ನಾವು ಕಲ್ಪಿಸಿದ ಸಂಸಾರದ ಪ್ರಯಾಣವು ವಿಮಾನದಲ್ಲಿ ಮೊದಲಾಗುವುದೂ ಇಲ್ಲ, ಮುಗಿಯುವುದೂ ಇಲ್ಲ. ಮನೆಯಿಂದ ನಿಲ್ದಾಣಕ್ಕೆ ಕಾರು. ಬೆಂಗಳೂರಿನಲ್ಲಿ ಇಳಿದ ಮೇಲೆ ಮತ್ತೆ ಕಾರು. ಸರ್ಕಾರದ ಅಂಕಿಗಳಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇಡೀ ದಾರಿಯಲ್ಲಿ ಮಗುವಿಗೆ ಹೆಚ್ಚಿನ ಅಪಾಯವಿರುವುದು ಮೋಡಗಳ ನಡುವೆ ಅಲ್ಲ, ಹೆದ್ದಾರಿಯ ಮೇಲೆ. ಮೋಟಾರು ವಾಹನ ಕಾನೂನಿಗೆ 2019ರಲ್ಲಿ ಸೇರಿಸಿದ ವಿಧಿಯಂತೆ, 14 ವರ್ಷ ತುಂಬದ ಮಗುವನ್ನು ಸುರಕ್ಷಾಪಟ್ಟಿ ಅಥವಾ ಶಿಶುಪೀಠದಿಂದ ಭದ್ರಪಡಿಸದೆ ವಾಹನದಲ್ಲಿ ಒಯ್ದರೆ ಸಾವಿರ ರೂಪಾಯಿ ದಂಡ. ಆದರೂ ನಮ್ಮಲ್ಲಿ ಎಷ್ಟು ಕಾರುಗಳಲ್ಲಿ ಕೂಸು ಮುಂದಿನ ಪೀಠದಲ್ಲಿ ತಾಯಿಯ ತೊಡೆಯ ಮೇಲಿರುತ್ತದೆ! ಗಂಟೆಗೆ 60 ಕಿಲೋಮೀಟರ್ ವೇಗದಿಂದ ಒಂದೂವರೆ ಮೀಟರಿನಲ್ಲಿ ನಿಲ್ಲುವ ಲೆಕ್ಕವನ್ನು ನಾವು ವಿಮಾನಕ್ಕೆಂದು ಮಾಡಿದೆವಷ್ಟೆ. ಅದು ಮರಕ್ಕೆ ಬಡಿಯುವ ಕಾರಿಗೆ ಇನ್ನೂ ಚೆನ್ನಾಗಿ ಅನ್ವಯಿಸುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಸೊಂಟಪಟ್ಟಿಯಿಂದಲೂ ಬಿಗಿಯಬಲ್ಲ, ವಿಮಾನಕ್ಕೆ ಒಪ್ಪಿತವಾದ ಶಿಶುಪೀಠವನ್ನು ಕೊಂಡರೆ ಅದು ಮೂರು ಹಂತಗಳಲ್ಲಿಯೂ ಕೆಲಸಕ್ಕೆ ಬರುತ್ತದೆ. ಕೂಸಿಗೊಂದು ಪೀಠವನ್ನು ಕೊಳ್ಳುವ ಶಕ್ತಿಯಿದ್ದವರು ವಿಮಾನ ಸಂಸ್ಥೆಯನ್ನು ಮುಂಚಿತವಾಗಿ ವಿಚಾರಿಸಿ, ಅಳತೆಗಳನ್ನು ತಿಳಿಸಿ ಒಪ್ಪಿಗೆ ಪಡೆಯುವುದು ಯುಕ್ತ. ಶಕ್ತಿಯಿಲ್ಲದವರು ಅದಕ್ಕಾಗಿ ವಿಮಾನವನ್ನು ಬಿಟ್ಟು ಇಡೀ ರಾತ್ರಿ ಕಾರನ್ನು ಓಡಿಸಬೇಕಾಗಿಲ್ಲ. ಪೀಠವನ್ನು ಸಾಮಾನಿನೊಡನೆ ಕಳುಹಿಸಿ, ಎರಡು ಕೊನೆಯ ರಸ್ತೆಗಳಲ್ಲಾದರೂ ತಪ್ಪದೆ ಬಳಸಲಿ. ವಿಮಾನದಲ್ಲಿ ತಮ್ಮ ಪಟ್ಟಿಯನ್ನು ತಾವು ಬಿಗಿದುಕೊಂಡು ಕೂಸನ್ನು ಅದರ ಹೊರಗೆ ಹಿಡಿದುಕೊಳ್ಳಲಿ. ಕೂಸಿಗೆಂದು ಚಿಕ್ಕ ಪಟ್ಟಿ ಕೊಟ್ಟರೆ ಪರಿಚಾರಿಕೆ ಹೇಳಿದಂತೆ ಅದನ್ನು ಹಾಕಲಿ.

ನಮ್ಮ ವಾಚಕರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು, ಮಕ್ಕಳ ತಂದೆತಾಯಿಗಳಲ್ಲ. ಆದರೆ ಮನೆಯಲ್ಲಿ ಅಕ್ಕನ ಮಗುವೋ ಅಣ್ಣನ ಮಗುವೋ ಇದ್ದೀತು. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸುವ ಸೂತ್ರವನ್ನು ಪರೀಕ್ಷೆಗಾಗಿ ಕಲಿತವರು, ಮುಂದಿನ ಸಲ ಸಂಸಾರವೆಲ್ಲ ಕಾರು ಹತ್ತುವಾಗ ಆ ಮಗು ಎಲ್ಲಿ ಕುಳಿತಿದೆಯೆಂದು ಒಮ್ಮೆ ನೋಡಲಿ. ತಾಯಿಯ ತೋಳು ಮಗುವಿಗೆ ಜಗತ್ತಿನಲ್ಲಿಯೇ ಸುಖವಾದ ಸ್ಥಳವೆಂಬುದರಲ್ಲಿ ಸಂಶಯವಿಲ್ಲ. ಚಕ್ರವು ಉರುಳತೊಡಗಿದ ಮೇಲೆ ಮಾತ್ರ ಆ ತೋಳಿಗೆ ಒಂದು ಪೀಠದ ನೆರವು ಬೇಕು.